ಅರ್ಥಿಂಗ್ 28 ಓಮ್ ಬರ್ತಿದೆ, ಮನೆಗೆ ಸಾಕಾ?

ತೋಟದಮನೆ_ಶಿರಸಿ: ಗುಡ್ಡದ ಮೇಲೆ ಹೊಸ ಮನೆ, ಕೆಳಗೆಲ್ಲ ಚಿರೇಕಲ್ಲು. 8 ಅಡಿ ಜಿಐ ಪೈಪ್ ಹಾಕ್ಸಿದ್ದು, ಅರ್ತ್ ಟೆಸ್ಟರ್ ಹಚ್ಚಿದ್ರೆ 28 ಓಮ್ ತೋರಿಸ್ತು, ವೈರಿಂಗ್‌ನವ್ರು ನಡೀತದೆ ಅಂದ್ರು, ಆದ್ರೆ ಗೀಸರ್ ನಲ್ಲಿ ಮುಟ್ಟಿದ್ರೆ ಚುರ್ ಅಂತದೆ, ಮನೇಲಿ ಸಣ್ಣ ಮಗು ಇದೆ, ಹೆದರಿಕೆ ಆಗ್ತದೆ.

ಕಾರವಾರ_ವೈರ್‌ಮನ್: ಮೊದ್ಲು ಗೀಸರ್ ಬಂದ್ ಮಾಡಿ. ಅರ್ಥಿಂಗ್ ಓಮ್ ಕಮ್ಮಿ ಇದ್ದಷ್ಟೂ ಒಳ್ಳೇದು, 28 ಓಮ್ ಅಂದ್ರೆ ಫೇಸ್ (ಕರೆಂಟ್ ಬರೋ ವೈರ್) ಪೂರ್ತಿ ಗೀಸರ್ ಬಾಡಿಗೆ ತಾಗಿದ್ರೂ ಹರಿಯೋದು 8 ಆಂಪ್ಸ್ ಸುಮಾರು, 16 ಆಂಪ್ಸ್ ಎಂಸಿಬಿ (ಕರೆಂಟ್ ಜಾಸ್ತಿ ಹರಿದ್ರೆ ಬೀಳೋ ಸ್ವಿಚ್) ಬೀಳೋದೇ ಇಲ್ಲ, ಬಾಡಿ ಹಾಗೇ ಲೈವ್ ಇರ್ತದೆ. 30 ಮಿಲಿಆಂಪ್ಸ್ ಆರ್‌ಸಿಸಿಬಿ (ಸ್ವಲ್ಪ ಕರೆಂಟ್ ಲೀಕ್ ಆದ್ರೂ ಬಂದ್ ಮಾಡೋ ಸ್ವಿಚ್) ಇದ್ಯಾ? ಅದಿದ್ರೆ 28 ಓಮ್‌ನಲ್ಲೂ ಟ್ರಿಪ್ ಆಗ್ತದೆ. ಆದ್ರೂ ನಾನಂತೂ 5 ಓಮ್ ಒಳಗೆ ತರ್ದೆ ಬಿಡೂದಿಲ್ಲ.

ತೋಟದಮನೆ_ಶಿರಸಿ: ಆರ್‌ಸಿಸಿಬಿ ಇಲ್ಲ ಮಾರಾಯ್ರೆ.

ಕುಮಟಾ_ಕರೆಂಟು: ಇವತ್ತೇ ಹಾಕ್ಸಿ. ಚಿರೇಕಲ್ಲಲ್ಲಿ ಒಂದು ಪೈಪ್ ಸಾಕಾಗೂದಿಲ್ಲ, 10-12 ಅಡಿ ದೂರದಲ್ಲಿ ಬಚ್ಚಲು ನೀರು ಹೋಗೋ ಕಡೆ ಇನ್ನೊಂದು ಹೊಡೆದು ಎರಡೂ ಜೋಡ್ಸಿ. ಓಮ್ ಇಳಿಸ್ಲಿಕ್ಕೆ ಅಂತ ಉಪ್ಪು ಸುರೀಬೇಡಿ, ನಮ್ಮನೆ ಅರ್ತ್ ಗುಂಡಿ ತೆಗೆದ್ರೆ ಕ್ಲಾಂಪ್ ತುಕ್ಕು ಹಿಡಿದು ಕೈಯಲ್ಲೇ ಪುಡಿ ಆಯ್ತು, ಬೆಂಟೋನೈಟ್ (ನೀರು ಹಿಡಿದಿಡೋ ಜೇಡಿಪುಡಿ) ಒಳ್ಳೇದು. ಮಳೆಗಾಲದ ರೀಡಿಂಗ್ ನಂಬ್ಬೇಡಿ, ನೆಲ ಹಸಿ ಇದ್ದು ಕಮ್ಮಿ ತೋರಿಸ್ತದೆ, ಮೇ ತಿಂಗಳಲ್ಲಿ ಅಳೀರಿ.

ತೋಟದಮನೆ_ಶಿರಸಿ: ಗೀಸರ್ ಬೋರ್ಡ್ ಬಿಚ್ಚಿಸಿ ನೋಡ್ದೆ, ಹಸಿರು ಅರ್ತ್ ವೈರಿಗೆ ಟೇಪ್ ಸುತ್ತಿ ಒಳಗೇ ಮಡಚಿ ಇಟ್ಟಿದ್ರು, ಅರ್ತ್ ಪಿನ್ನಿಗೆ ಕೊಟ್ಟೇ ಇಲ್ಲ!