‘ಮಾರಣಹೋಮ’ ಬೇಡವೆಂದಾದರೆ ‘ಊರಳಿವು’ ಸಲ್ಲುತ್ತದೆಯೇ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಕೈಯಲ್ಲಿ ಅಳಿದುಹೋದ ಯಹೂದಿ ಊರುಗಳ ಬಗೆಗೆ ಬರೆಯಲು ಕುಳಿತಿರುವ ನನಗೆ ಮೊದಲ ವಾಕ್ಯದಲ್ಲಿಯೇ ಒಂದು ತೊಡಕು ಎದುರಾಗಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು. ಸುಮಾರು ಅರವತ್ತು ಲಕ್ಷ ಯಹೂದಿಗಳ ಕೊಲೆಯನ್ನು ನಾವು ಕನ್ನಡದಲ್ಲಿ ‘ನರಮೇಧ’ ಎನ್ನುತ್ತೇವೆ, ಇಲ್ಲವೇ ‘ಮಾರಣಹೋಮ’ ಎನ್ನುತ್ತೇವೆ. ಎರಡೂ ಯಜ್ಞದ ಮಾತುಗಳು. ಹೋಮವೆಂದ ಮೇಲೆ ಅಲ್ಲಿ ಒಬ್ಬ ಯಜಮಾನನಿರಬೇಕು, ಹವಿಸ್ಸನ್ನು ಸ್ವೀಕರಿಸುವ ದೇವತೆಯಿರಬೇಕು, ಅದಕ್ಕೊಂದು ಫಲವೂ ಇರಬೇಕು. ಮಾರಣವಂತೂ ಶತ್ರುವಿನ ಸಾವಿಗೆಂದು ಮಾಡುವ ಅಭಿಚಾರ. ಹಾಗಾಗಿ ಈ ಪದವನ್ನು ಬಳಸಿದಾಗ, ನಮಗೆ ಅರಿವಿಲ್ಲದೆಯೇ, ಕೊಂದವನನ್ನು ಯಜಮಾನನ ಮಣೆಯ ಮೇಲೆ ಕೂರಿಸಿ, ಸತ್ತ ಮಗುವನ್ನು ಅವನ ಶತ್ರುವೆಂದು ಒಪ್ಪಿದಂತಾಗುತ್ತದೆ ಎಂಬುದು ನನ್ನ ಅಳುಕು. ‘ಹುತಾತ್ಮರು’ ಎಂದರೂ ತೊಡಕು ತಪ್ಪದು. ಅದೂ ಹೋಮದ ಧಾತುವಿನಿಂದಲೇ ಹುಟ್ಟಿದ್ದು, ತನ್ನನ್ನು ತಾನೇ ಆಹುತಿಯಾಗಿ ಕೊಟ್ಟವನು ಎಂಬ ಅರ್ಥದ್ದು. ಇವರು ತಮ್ಮನ್ನು ಕೊಟ್ಟುಕೊಂಡವರಲ್ಲ.

ಇದೇ ಅಳುಕು ಯಹೂದಿಗಳಿಗೂ ಇದೆ. ‘ಹೋಲೋಕಾಸ್ಟ್’ ಎಂಬುದು ‘ಪೂರ್ತಿ ಸುಟ್ಟದ್ದು’ ಎಂಬರ್ಥದ ಗ್ರೀಕ್ ಮೂಲದ ಪದ. ಬೈಬಲಿನ ಹಳೆಯ ಗ್ರೀಕ್ ಅನುವಾದದಲ್ಲಿ ದಹನಬಲಿಗೆ ಈ ಬಳಗದ ಪದವೇ ಬರುತ್ತದೆ. ಆ ಕಾರಣಕ್ಕೇ ಅನೇಕರು ಅದನ್ನು ಒಲ್ಲದೆ, ವಿನಾಶವೆಂಬ ಅರ್ಥದ ಹೀಬ್ರೂ ಪದ ‘ಷೋಆ’ವನ್ನು ಬಳಸುತ್ತಾರೆ. ಸತ್ತವರಲ್ಲಿ ಬಹುಪಾಲು ಜನರ ಮನೆಮಾತಾಗಿದ್ದ ಯಿದ್ದಿಶ್‌ನಲ್ಲಿ ಇದಕ್ಕೆ ‘ಖುರ್ಬನ್’ ಎನ್ನುತ್ತಾರೆ. ಜೆರುಸಲೇಮಿನ ದೇವಾಲಯ ಎರಡು ಸಲ ನೆಲಸಮವಾದದ್ದನ್ನು ಹೇಳುತ್ತಿದ್ದ ಈ ಹಳೆಯ ಮಾತಿಗೆ ಬದುಕುಳಿದವರು ಊರಿನ ಹೆಸರನ್ನು ಸೇರಿಸಿ ‘ಖುರ್ಬನ್ ವಿಲ್ನೆ’ (ವಿಲ್ನೆ ಎಂದರೆ ಇಂದಿನ ವಿಲ್ನಿಯಸ್ ನಗರ) ಎಂಬಂತೆ ಬಳಸಿದರು.

ನನಗೆ ಬೇಕಾಗಿರುವುದು ಹೀಗೆ ಊರಿನ ಹೆಸರಿನ ಪಕ್ಕದಲ್ಲಿ ನಿಲ್ಲಬಲ್ಲ ಪದ. ‘ಜನಾಂಗಹತ್ಯೆ’ಯು ಕಾನೂನು ಪಂಡಿತ ರಾಫೆಲ್ ಲೆಮ್ಕಿನ್ ಅವರು 1944ರಲ್ಲಿ ಬಳಕೆಗೆ ತಂದ ‘ಜೆನೊಸೈಡ್’ಗೆ ಸರಿಯಾಗಿ ಹೊಂದುತ್ತದೆ, ಅದು ಕಾನೂನಿನ ಮಾತಾಗಿ ಇರಲಿ. ‘ಕಗ್ಗೊಲೆ’ ಕ್ರೌರ್ಯವನ್ನು ಹೇಳುತ್ತದೆಯೇ ಹೊರತು ಇಲ್ಲವಾದ ಊರನ್ನು ಹೇಳುವುದಿಲ್ಲ. ಹುಡುಕುತ್ತಿದ್ದಾಗ ನೆನಪಾದದ್ದು ನಮ್ಮ ವೀರಗಲ್ಲುಗಳ ‘ಊರಳಿವು’. ದನಗಳನ್ನು ಹೊಡೆದೊಯ್ಯುವುದೆಂಬ ಅರ್ಥದ ‘ತುರುಗೊಳ್’, ಹೆಂಗಸರ ಮೇಲೆ ಕೈಮಾಡಿದಾಗಿನ ಹುಯ್ಯಲೆಂಬ ಅರ್ಥದ ‘ಪೆಣ್ಬುಯ್ಯಲ್’ಗಳ ಜೊತೆಯಲ್ಲಿಯೇ ಬರುವ ಈ ಪದದಲ್ಲಿ ಯಜ್ಞದ ಸೋಂಕಿಲ್ಲ. ಊರು ಅಳಿಯಿತು, ಅಷ್ಟೆ.

ಲಿಥುವೇನಿಯಾದ ಐಶಿಶೋಕನ್ನು ಮುಂದಿಟ್ಟುಕೊಂಡು ಈ ಪದವನ್ನು ಒರೆಗೆ ಹಚ್ಚಿ ನೋಡಿದೆ. 1941ರ ಸೆಪ್ಟೆಂಬರ್ 25 ಮತ್ತು 26ರಂದು ಅಲ್ಲಿನ ಮತ್ತು ಸುತ್ತಮುತ್ತಲಿನ ಸುಮಾರು 3,500 ಯಹೂದಿಗಳನ್ನು, ಮೊದಲ ದಿನ ಗಂಡಸರನ್ನು, ಮರುದಿನ ಹೆಂಗಸರನ್ನೂ ಮಕ್ಕಳನ್ನೂ, ಗುಂಡಿಕ್ಕಿ ಕೊಂದರು. ಆ ಊರಿನ ಸುಮಾರು ಒಂದು ಸಾವಿರ ಭಾವಚಿತ್ರಗಳು ಇಂದು ವಾಷಿಂಗ್ಟನ್ನಿನ ಹೋಲೋಕಾಸ್ಟ್ ಸ್ಮಾರಕ ಸಂಗ್ರಹಾಲಯದಲ್ಲಿ ಗೋಪುರದಂತಹ ಒಂದು ಅಂಕಣದ ಗೋಡೆಗಳಲ್ಲಿ ಮೇಲಿನವರೆಗೂ ಇವೆ. ಅವುಗಳಲ್ಲಿರುವುದು ಸಾವಲ್ಲ, ಕ್ಯಾಮೆರಾದ ಮುಂದೆ ಒಪ್ಪವಾಗಿ ನಿಂತ ಮನೆಮಂದಿ. ‘ಐಶಿಶೋಕಿನ ಊರಳಿವು’ ಎಂದು ಬರೆದಾಗ ಆ ಮುಖಗಳೂ ಪದದೊಳಗೆ ಬಂದವೆಂದು ನನಗೆ ಅನ್ನಿಸಿತು.

ಆದರೂ ಒಂದು ಸಂಶಯ ಉಳಿದಿದೆ. ವೀರಗಲ್ಲಿನ ಊರಳಿವಿನಲ್ಲಿ ಕಾದಿ ಸತ್ತ ವೀರನಿದ್ದಾನೆ, ಅವನಿಗೆ ಕಲ್ಲು ನಿಲ್ಲಿಸಲು ಊರಿನಲ್ಲಿ ಜನ ಉಳಿದಿದ್ದಾರೆ. ಇಲ್ಲಿ ಕಲ್ಲು ನಿಲ್ಲಿಸುವವರೂ ಊರಿನಲ್ಲಿ ಉಳಿಯಲಿಲ್ಲ. ಹೀಗೆ ಅಳಿದ ಊರುಗಳಿಂದ ಹೊರನಾಡುಗಳನ್ನು ಸೇರಿದ್ದವರು, ನೆನಪಿನಿಂದ ಬೀದಿಗಳ ನಕ್ಷೆ ಬರೆದು, ಸತ್ತವರ ಹೆಸರುಗಳನ್ನು ಪಟ್ಟಿ ಮಾಡಿ, ‘ಯಿಜ್ಕೋರ್’ ಎಂಬ, ಸತ್ತವರ ನೆನಪಿನ ನೂರಾರು ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಗೋರಿಯಿಲ್ಲದವರಿಗೆ ಅದೇ ಗೋರಿಗಲ್ಲಾಯಿತು. ಈ ಬಗೆಯ ಪುಸ್ತಕಕ್ಕೂ ಕನ್ನಡದಲ್ಲಿ ಹೆಸರು ಬೇಕಾಗಿದೆ. ‘ಸ್ಮರಣ ಸಂಚಿಕೆ’ ಎಂದರೆ ಸಮ್ಮೇಳನದ ನೆನಪಾಗುತ್ತದೆ, ‘ಸ್ಮೃತಿಗ್ರಂಥ’ವೆಂದರೆ ಧರ್ಮಶಾಸ್ತ್ರದ ನೆನಪಾಗುತ್ತದೆ, ‘ನೆನಹುಹೊತ್ತಗೆ’ ಎಂದು ತಾತ್ಕಾಲಿಕವಾಗಿ ಬರೆದುಕೊಂಡಿದ್ದೇನೆ.

ಕಾಳಗವೇ ನಡೆಯದ, ನಿರಾಯುಧರ ಊರು ಅಳಿದದ್ದಕ್ಕೆ ‘ಊರಳಿವು’ ಎಂದಿರುವ ಶಾಸನ ಅಥವಾ ಹಳಗನ್ನಡ ಕಾವ್ಯದ ಪ್ರಯೋಗವನ್ನು ಯಾರಾದರೂ ಕಂಡಿದ್ದರೆ, ಪೂರ್ಣ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.