ಮುತ್ತಜ್ಜ–ಮುತ್ತಜ್ಜಿಯಿಂದ ಐದು ತಲೆಮಾರು: ವಂಶಾವಳಿ ಪುಸ್ತಕಕ್ಕೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಹಾವೇರಿ ಜಿಲ್ಲೆ): ಒಂದೇ ದಂಪತಿಯಿಂದ ಕೆಳಗೆ ಐದು ತಲೆಮಾರು, ಅಂದಾಜು 180 ಜನ. ಹಿರಿ ಮಗನಿಗೆ ಮೊದಲ ಹೆಂಡತಿ ತೀರಿದ ಮೇಲೆ ಅವಳ ತಂಗಿಯನ್ನೇ ತಂದಿದ್ದಾರೆ. ಒಬ್ಬ ಮೊಮ್ಮಗಳನ್ನು ಸೋದರಮಾವನಿಗೆ ಕೊಟ್ಟಿದ್ದಾರೆ. ಅಜ್ಜನ ಹೆಸರೇ ಮೊಮ್ಮಗನಿಗೆ ಬಂದಿರುವುದು ಮೂರು ಕಡೆ. ದೀಪಾವಳಿಗೆ ಸಣ್ಣ ಪುಸ್ತಕ ಮಾಡಿ ಎಲ್ಲ ಮನೆಗೂ ಹಂಚಬೇಕು. ಯಾವ ಕಚೇರಿಯಲ್ಲಿ ಏನು ಸಿಗುತ್ತದೆ, ಎಲ್ಲಿ ತಪ್ಪಾಗುತ್ತದೆ, ತಿಳಿದವರು ಹೇಳಿ.

ಧಾರವಾಡದಿಂದ: ಮೊದಲು ಹೊಲದ ಕಾಗದ ಹಿಡೀರಿ. ಈಗಿನ ಪಹಣಿಯ 9ನೇ ಕಾಲಂನಲ್ಲಿ ಹೆಸರು ಇರತದ, 10ನೇ ಕಾಲಂನಲ್ಲಿ ಆ ಹೆಸರು ಹೆಂಗ ಬಂತು ಅನ್ನೋದು ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರಿನ ಜೋಡಿ ಇರತದ. ನಿಮಗ ಬೇಕಾದದ್ದು ಆ ನಂಬರು. ಅದನ್ನ ಬರಕೊಂಡು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನ್ಯಾಗ ದೃಢೀಕೃತ ನಕಲಿಗೆ ಅರ್ಜಿ ಕೊಡ್ರಿ. ವಾರಸಾ ನಮೂದು ಆಗಿದ್ರ ಸತ್ತವರ ಹೆಸರು, ಸತ್ತ ದಿನ, ವಾರಸುದಾರರ ಪಟ್ಟಿ, ಎಲ್ಲಾ ಒಂದೇ ಹಾಳ್ಯಾಗ ಸಿಗತಾವ. ಅದರಾಗ ಹಿಂದಿನ ನಂಬರು ಇರತದ, ಅದನ್ನ ಹಿಡಿದು ಇನ್ನೊಂದು ಮೆಟ್ಟಿಲು ಮ್ಯಾಲೆ ಹೋಗ್ರಿ. ಪಹಣಿಯನ್ನ ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ 2000ದ ಸುಮಾರಿಗೆ ಬಂದದ್ದು, ಅದಕ್ಕಿಂತ ಹಿಂದಿನವು ಕೈಬರಹದ ಉತಾರ (ಪಹಣಿಗೇ ನಮ್ಮ ಕಡೆ ಉತಾರ ಅಂತಾರ). ಕಂಪ್ಯೂಟರಿಗೆ ಏರಿಸುವಾಗ ಹೆಸರು ಕೆಟ್ಟಿರತಾವ. ಎರಡೂ ಇದ್ರ ಕೈಬರಹದ್ದನ್ನ ನಂಬ್ರಿ.

ಇಲ್ಲೊಂದು ದೊಡ್ಡ ತೂತು ಐತಿ. ಗಂಡುಮಕ್ಕಳಿದ್ದ ಮನ್ಯಾಗ 1956ಕ್ಕಿಂತ (ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ವರ್ಷ) ಹಿಂದಿನ ವಾರಸಾ ನಮೂದಿನೊಳಗ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಇರಂಗಿಲ್ಲ. ಆಮ್ಯಾಲಿನ ಎಷ್ಟೋ ನಮೂದಿನೊಳಗೂ ‘ಹಕ್ಕು ಬಿಟ್ಟುಕೊಟ್ಟಿದ್ದಾರೆ’ ಅಂತ ಒಂದು ಸಾಲಿನ್ಯಾಗ ಮುಗಿಸಿರತಾರ. ಹೊಲದ ಕಾಗದ ನೋಡಿ ‘ಮೂರು ಮಕ್ಕಳು’ ಅಂತ ಬರದ್ರ ಅದು ಮೂರು ಗಂಡುಮಕ್ಕಳು ಅಂತ ಅರ್ಥ, ಅಷ್ಟ.

ಇನ್ನೊಂದು: ಹೆಸರಿನ ಜೋಡಿ ‘ಅ.ಪಾ.ಕ.’ ಅಂತ ಕಂಡ್ರ ಅಜ್ಞಾನ ಪಾಲನಕರ್ತ, ಅಂದ್ರ ವಯಸ್ಸಿಗೆ ಬರದ ಹುಡುಗನ ಪರವಾಗಿ ನಿಂತವರು. ಗಂಡ ಲಗೂ ತೀರಿಕೊಂಡ ಮನ್ಯಾಗ ಆ ಜಾಗದಾಗ ತಾಯಿ ಹೆಸರು ಇರೋದು ಬಹಳ. ಹೆಂಗಸರ ಹೆಸರು ಹಳೇ ಉತಾರದಾಗ ಸಿಗೋ ಕೆಲವೇ ಜಾಗದಾಗ ಇದೊಂದು. ಆ ವರ್ಷ ಹುಡುಗಗ 18 ತುಂಬಿರಲಿಲ್ಲ ಅನ್ನೋದೂ ಗೊತ್ತಾತು, ಹುಟ್ಟಿದ ವರ್ಷದ ಅಂದಾಜು ಅಲ್ಲೇ ಸಿಕ್ತು.

ತುಮಕೂರಿನಿಂದ: ಹಳೆ ಮೈಸೂರು ಕಡೆ ಸಂಬಂಧ ಬೆಳೆಸಿದ್ದರೆ ನೆನಪಿರಲಿ, ಇಲ್ಲಿನ ದಾಖಲೆಯಲ್ಲಿ ‘ಬಿನ್’ ಅಂದರೆ ಮಗ, ‘ಕೋಂ’ ಅಂದರೆ ಹೆಂಡತಿ. ‘ಕೋಂ’ ನಂತರದ ಹೆಸರನ್ನು ತಂದೆ ಅಂದುಕೊಂಡು ಒಂದು ತಲೆಮಾರನ್ನೇ ತಪ್ಪು ಜಾಗಕ್ಕೆ ಜೋಡಿಸಿದ ವಂಶವೃಕ್ಷಗಳು ಬೇಕಾದಷ್ಟಿವೆ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರವನ್ನೂ ಪೂರ್ತಿ ನಂಬಬೇಡಿ. ಅರ್ಜಿದಾರರು ಹೇಳಿದ್ದನ್ನು ಸ್ಥಳದಲ್ಲಿ ವಿಚಾರಿಸಿ ಕೊಡುವ ಕಾಗದ ಅದು. ಖಾತೆಗೆ ಬೇಡವಾದವರು, ಚಿಕ್ಕಂದಿನಲ್ಲೇ ತೀರಿದವರು ಬಿಟ್ಟುಹೋಗಿರುತ್ತಾರೆ.

ಶಿವಮೊಗ್ಗದಿಂದ: ಜನನ ನೋಂದಣಿ ಹುಡುಕುವವರು ಎಡವುವುದು ಒಂದೇ ಕಡೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗುತ್ತದೆ, ನೋಂದಣಿ ಹುಟ್ಟಿದ ಊರಿನಲ್ಲಿ ಆಗುತ್ತದೆ. ಹಿರಿ ಮಗುವಿನ ನಮೂದು ತಂದೆಯ ಊರಿನ ವಹಿಯಲ್ಲಿ ಇಲ್ಲ ಅಂದರೆ ನೋಂದಣಿಯೇ ಆಗಿಲ್ಲ ಅಂತಲ್ಲ, ತಾಯಿಯ ತವರೂರಿನ ವಹಿ ನೋಡಬೇಕು. ಇದರಿಂದ ಎರಡು ಲಾಭ: ಮಗುವಿನ ದಿನಾಂಕ, ಜೊತೆಗೆ ತವರೂರು ಯಾವುದೆಂಬುದರ ಖಾತ್ರಿ. ಹಳೆಯ ನಮೂದುಗಳಲ್ಲಿ ಮಗುವಿನ ಹೆಸರು ಇರುವುದಿಲ್ಲ, ಬರೀ ‘ಗಂಡು’ ಅಥವಾ ‘ಹೆಣ್ಣು’. ತಂದೆಯ ಹೆಸರು, ವರ್ಷ ಕೊಟ್ಟು ಹುಡುಕಿಸಿ. ಹಿಂದೆ ಮುಂದೆ ಎರಡು ವರ್ಷ ಸೇರಿಸಿ ಕೇಳಿ.

ಶಾಲೆಯ ದಾಖಲಾತಿ ವಹಿಯಲ್ಲಿ ತಂದೆಯ ಹೆಸರು, ಊರು ಗಟ್ಟಿ, ಜನ್ಮದಿನಾಂಕ ಗಟ್ಟಿಯಲ್ಲ. ಒಂದೇ ಮನೆಯ ಮಕ್ಕಳೆಲ್ಲ ಜೂನ್ 1ಕ್ಕೆ ಹುಟ್ಟಿದ್ದರೆ ಅದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ.

ವಿಜಯಪುರದಿಂದ: ಮನೆತನಗಳ ವಂಶಾವಳಿ ವಹಿ ಇಟ್ಟು ಓದಿ ಹೇಳೋ ಹೆಳವರನ್ನ ಯಾರೂ ಹೇಳಲೇ ಇಲ್ಲಲ್ಲ! ನಿಮ್ಮ ಮನೆತನಕ್ಕ ಹೆಳವರು ಬರತಿದ್ರೇನು ಅಂತ ಹಿರಿಯರನ್ನ ಕೇಳ್ರಿ. ಒಂದೊಂದು ಹೆಳವರ ಕುಟುಂಬಕ್ಕ ಇಂತಿಂಥ ಮನೆತನ ಅಂತ ಹಂಚಿಕೆ ಇರತದ, ಕೆಲವು ವರ್ಷಕ್ಕೊಮ್ಮೆ ಬಂದು ಹೊಸ ಹೆಸರು ಬರಕೊಂಡು ಹೋಗತಾರ. ಮೂಲ ಊರು, ಬೆಡಗು (ಗೋತ್ರದಂಥ ಒಳಪಂಗಡ), ಅಣ್ಣ-ತಮ್ಮಂದಿರು ಯಾವ ಊರಿಗೆ ಒಡೆದು ಹೋದ್ರು, ಇಷ್ಟೂ ಓದಿ ಹೇಳತಾರ. ಓದುವಾಗ ಫೋನಿನ್ಯಾಗ ದನಿ ಹಿಡಿದುಕೊಳ್ರಿ, ಆದರ ಕೇಳಿ ಹಿಡೀರಿ. ಆ ವಹಿ ಅವರ ಬದುಕು, ಫೋಟೊ ತೆಗೀತೇನಿ ಅಂದ್ರ ಒಪ್ಪಲಿಕ್ಕಿಲ್ಲ. ಕಾಳು-ಕಡಿ, ಬಟ್ಟೆ, ರೊಕ್ಕ ಕೊಡೋದು ಪದ್ಧತಿ, ಬರಿಗೈಲೆ ಕಳಸಬ್ಯಾಡ್ರಿ.

ಕೆಳಗಿನ ಮೂರು-ನಾಲ್ಕು ತಲೆಮಾರು ಉತಾರದ ಜೋಡಿ ತಾಳೆ ಹಾಕ್ರಿ. ತಾಳೆ ಆಗದ ಮ್ಯಾಲಿನ ಭಾಗಾನ ಪುಸ್ತಕದಾಗ ‘ಹೆಳವರ ವಹಿಯ ಪ್ರಕಾರ’ ಅಂತ ಬ್ಯಾರೆ ಹಾಕ್ರಿ, ಬೆರಸಬ್ಯಾಡ್ರಿ.

ಧಾರವಾಡದಿಂದ: ಖರೇ ಮಾತು. ಆದರ ಹೆಳವರ ಸಾಲಿನ್ಯಾಗೂ ಗಂಡುಮಕ್ಕಳದ್ದೇ ಹೆಚ್ಚು. ಹೆಣ್ಣುಮಕ್ಕಳ ಕೊಂಬಿಗೆ ಮದಿವಿ ಆಹೇರಿ ಪಟ್ಟಿ ಹುಡಕ್ರಿ, ಕೆಲವು ಕಡೆ ಮುಯ್ಯಿ ಪಟ್ಟಿ ಅಂತಾರ. ಯಾವ ಊರಿಂದ ಯಾರು ಏನು ಕೊಟ್ರು ಅಂತ ಬರೆದ ಹಳೇ ನೋಟ್‌ಬುಕ್ಕು. ಬೀಗರು, ಅತ್ತಿ-ಮಾವ, ಸೋದರಮಾವ, ಕೊಟ್ಟ ಹೆಣ್ಣುಮಕ್ಕಳು ಎಲ್ಲಾ ಊರ ಹೆಸರಿನ ಜೋಡಿ ಅದರಾಗ ಇರತಾರ. ಟ್ರಂಕಿನ ತಳದಾಗ ಬಿದ್ದಿರತದ, ರದ್ದಿ ಅಂತ ಮಾರೋದರೊಳಗ ಇಸಕೊಳ್ರಿ.

ಮೈಸೂರಿನಿಂದ: ಜಾತಕದಲ್ಲಿ, ಹಳೆ ಲಗ್ನಪತ್ರಿಕೆಯಲ್ಲಿ ಇಸವಿ ಇರದೆ ಸಂವತ್ಸರ ಇದ್ದರೆ ಹೀಗೆ ಲೆಕ್ಕ ಹಾಕಿ. ಇಸವಿಯಿಂದ 78 ಕಳೆದರೆ ಶಕವರ್ಷ. ಅದಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿದದ್ದು ಸಂವತ್ಸರದ ಕ್ರಮಸಂಖ್ಯೆ, ಪ್ರಭವ 1. ಉದಾಹರಣೆಗೆ 1947: 1869, 1881, ಶೇಷ 21, ಅಂದರೆ ಸರ್ವಜಿತು. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಸರ್ವಜಿತುವಿನ ಮಾಘದಲ್ಲಿ ಹುಟ್ಟಿದವರದು 1948. ಇದನ್ನು ಮರೆತು ಒಂದು ವರ್ಷ ಹಿಂದೆ ಹಾಕುವುದೇ ಹೆಚ್ಚು. 60 ವರ್ಷಕ್ಕೆ ಅದೇ ಹೆಸರು ಮರಳುವುದರಿಂದ 1887ರ ಸರ್ವಜಿತುವೂ ಇದೆ. ಅಜ್ಜ-ಮೊಮ್ಮಗ ಒಂದೇ ಹೆಸರಿನವರಾದರೆ ಒಬ್ಬರ ಜಾತಕ ಇನ್ನೊಬ್ಬರ ತಲೆಗೆ ಬರುತ್ತದೆ.

ಕಲಬುರಗಿಯಿಂದ: ಕೊಪ್ಪಳ, ರಾಯಚೂರು ಕಡೆ ಹೆಣ್ಣು ಕೊಟ್ಟು ತಂದಿದ್ದರೆ ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿ, ವರ್ಷ ಫಸಲಿಯಲ್ಲಿ (ಕಂದಾಯದ ಲೆಕ್ಕದ ವರ್ಷ). ಫಸಲಿಗೆ 590 ಕೂಡಿಸಿ. 1358 ಫಸಲಿ ಅಂದರೆ 1948ರ ಆಸುಪಾಸು.

ಬೆಂಗಳೂರಿನಿಂದ: ಹೆಸರು ಕೂಡಿಸುವ ಮೊದಲೇ ಸಂಖ್ಯೆ ಕೊಡಿ, ಮೂರು ಕಡೆ ಬರುವ ಅದೇ ಹೆಸರಿಗೆ ಅದೊಂದೇ ಮದ್ದು. ದಂಪತಿ 1. ಮಕ್ಕಳು ಹುಟ್ಟಿದ ಕ್ರಮದಲ್ಲಿ 1.1, 1.2, 1.3, ಹೆಣ್ಣು-ಗಂಡು ಬೇರೆ ಮಾಡಬೇಡಿ. 1.2ರ ಮೊದಲ ಮಗು 1.2.1. ಎಳವೆಯಲ್ಲೇ ತೀರಿದ ಮಗುವಿಗೂ ಸಂಖ್ಯೆ ಇರಲಿ, ಇಲ್ಲವಾದರೆ ಮುಂದೆ ಯಾರಾದರೂ ನೆನಪು ಮಾಡಿದಾಗ ಕೆಳಗಿನದೆಲ್ಲ ಬದಲಾಗುತ್ತದೆ. ಮದುವೆಯಾಗಿ ಬಂದವರಿಗೆ ಸಂಗಾತಿಯ ಸಂಖ್ಯೆಗೇ ಅಕ್ಷರ: ಅಕ್ಕ 1.1ಅ, ತಂಗಿ 1.1ಆ. ಪ್ರತಿ ಮಗುವಿನ ಮುಂದೆ ತಾಯಿ ಅ ಅಥವಾ ಆ ಎಂದು ಬರೆಯಿರಿ.

ಸೋದರಮಾವನ ಮದುವೆ: 1.2ರ ಮಗಳು 1.2.1ನ್ನು 1.3ಕ್ಕೆ ಕೊಟ್ಟಿದ್ದಾರೆ ಅಂದುಕೊಳ್ಳಿ. ಮಕ್ಕಳಿಗೆ ಒಂದೇ ಕಡೆ, ತಂದೆಯ ಕೆಳಗೆ 1.3.1, 1.3.2 ಎಂದು ಸಂಖ್ಯೆ. 1.2.1ರ ಮುಂದೆ ‘ಗಂಡ 1.3, ಮಕ್ಕಳು ಅಲ್ಲಿ’. ಎರಡೂ ಕಡೆ ಬರೆದರೆ ಒಟ್ಟು ಲೆಕ್ಕ ತಪ್ಪುತ್ತದೆ.

ವಂಶಾವಳಿ ತುಂಬಲು ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶ ಸಾಕು, ಕನ್ನಡ ಯೂನಿಕೋಡ್ ತೆಗೆದುಕೊಳ್ಳುತ್ತದೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪಾದ ಪಟ್ಟಿಯನ್ನು ಯೂನಿಕೋಡ್‌ಗೆ ಬದಲಿಸಿಯೇ ಹಾಕಿ. ಮುದ್ರಣದವರು ಅದನ್ನು ಮತ್ತೆ ನುಡಿಗೆ ತಿರುಗಿಸಿದರೆ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ಕರಡಚ್ಚಿನಲ್ಲಿ ಮಾತು ಬಿಟ್ಟು ಹೆಸರುಗಳನ್ನಷ್ಟೇ ಒಂದು ಸುತ್ತು ಓದಿ.

ಮರದ ಚಿತ್ರದ ಆಸೆ ಬಿಡಿ. ಒಂದು ಸಾಲಿನಲ್ಲಿ 70 ಜನ, ಒಂದೊಂದು ಚೌಕ 4 ಸೆಂ.ಮೀ. ಅಂದರೂ 280 ಸೆಂ.ಮೀ.; ಎ0 ಹಾಳೆಯ ಉದ್ದವೇ 118.9. ಫ್ಲೆಕ್ಸ್ ಮಾಡಿಸಿದರೆ ಒಂಬತ್ತು ಅಡಿ ದಾಟುತ್ತದೆ. ಪುಸ್ತಕಕ್ಕೆ ತಲೆಮಾರಿಗೊಂದರಂತೆ ಒಳಕ್ಕೆ ಸರಿಸಿದ ಪಟ್ಟಿಯೇ ಚೆಂದ. ಮಧ್ಯೆ ಪಿನ್ ಹೊಡೆಯುವುದಾದರೆ ಪುಟಗಳು ನಾಲ್ಕರ ಗುಣಕವಿರಲಿ. ಸಣ್ಣ ಫೋಟೊಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂಬದಿಯನ್ನೂ. ಸ್ಟುಡಿಯೊ ಮೊಹರು, ಬರಹ ಅಲ್ಲಿರುತ್ತದೆ. ಮೂಲಕ್ಕೆ ಲ್ಯಾಮಿನೇಷನ್ ಬೇಡ, ಮತ್ತೆ ಬಿಡಿಸಲು ಬರುವುದಿಲ್ಲ.

ಬದುಕಿರುವವರ ಪೂರ್ತಿ ಜನ್ಮದಿನಾಂಕ, ಫೋನ್ ನಂಬರು ಅಚ್ಚಿಗೆ ಬೇಡ, ವರ್ಷ ಸಾಕು. ದತ್ತು, ವಿಚ್ಛೇದನ ಆಯಾ ಮನೆಯವರು ಒಪ್ಪಿದ ಮಾತುಗಳಲ್ಲಿ ಮಾತ್ರ.

ಪ್ರಶ್ನೆ ಕೇಳಿದವರು: ಸೊಸೆಯಂದಿರ ತವರನ್ನು ಎಲ್ಲಿಯವರೆಗೆ ಸೇರಿಸಬೇಕು?

ಶಿವಮೊಗ್ಗದಿಂದ: ನಾಲ್ಕು ವಿಷಯ: ತಂದೆ, ತಾಯಿ, ತವರೂರು, ಮದುವೆಗೆ ಮುಂಚಿನ ಹೆಸರು. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ಇರುವ ಮನೆಗಳಲ್ಲಿ ಕೊನೆಯದನ್ನು ಬಿಟ್ಟರೆ ಶಾಲೆಯ ವಹಿ, ತವರಿನ ಪಹಣಿ ಯಾವುದರಲ್ಲೂ ಆಕೆ ಸಿಗುವುದಿಲ್ಲ. ನಿಮ್ಮ ಮುತ್ತಜ್ಜಿಯ ಈ ನಾಲ್ಕನ್ನು ಈ ವಾರವೇ ಮನೆಯ ಅತ್ಯಂತ ಹಿರಿಯ ಹೆಣ್ಣುಮಗಳ ಹತ್ತಿರ ಕೇಳಿ ಬರೆದಿಡಿ. ಪಹಣಿ ರೆಕಾರ್ಡ್ ರೂಮಿನಿಂದ ಎಲ್ಲೂ ಹೋಗುವುದಿಲ್ಲ, ಅದು ಒಂದು ತಿಂಗಳು ಕಾಯಬಹುದು.