ಮೆಕ್ಸಿಕನ್ ರೆಡ್‌ನೀ ಟರಾಂಟುಲಾ: ಕೂಡಿಸಿದ ಮೇಲೆ ಚಳಿಗಾಲ ಕೊಡಲೇಬೇಕೇ?

ಕೆಂಪುಮಂಡಿ:
ನನ್ನ ಬಳಿ ಇರುವುದು ಬ್ರಾಕಿಪೆಲ್ಮಾ ಹಮೋರಿ, ಅಂದರೆ ಮೆಕ್ಸಿಕನ್ ರೆಡ್‌ನೀ ಎಂಬ ದೊಡ್ಡ ಜೇಡದ ಹೆಣ್ಣು. ಆಗಸ್ಟ್‌ನಲ್ಲಿ ಪೊರೆ ಬಿಟ್ಟಿದೆ, ಅಕ್ಟೋಬರ್‌ನಲ್ಲಿ ಗಂಡಿನ ಜೊತೆ ಎರಡು ಸಲ ಕೂಡಿದೆ. ಇಲ್ಲಿ ಮ್ಯೂನಿಕ್‌ನಲ್ಲಿ ಕೋಣೆ ವರ್ಷವಿಡೀ 25 ಡಿಗ್ರಿ. ಹೀಗೇ ಬಿಟ್ಟರೆ ಮೊಟ್ಟೆಚೀಲ ಕಟ್ಟೀತೇ? ತಂಪು ಬೇಕೆಂದರೆ ಎಷ್ಟು ಡಿಗ್ರಿ, ಎಷ್ಟು ವಾರ?

ಬಿಲದಂಚು:
ಕೊಡಿ. ಒಂದೇ ಸಮನೆ ಬೆಚ್ಚಗಿಟ್ಟರೆ ಮೊಟ್ಟೆಗೆ ಬದಲು ಮತ್ತೆ ಪೊರೆ ಬಿಟ್ಟುಬಿಡುವ ಭಯವಿದೆ. ವೀರ್ಯ ಕೂಡಿಟ್ಟ ಚೀಲದ ಒಳಪದರವೂ ಪೊರೆಯ ಜೊತೆಗೇ ಕಳಚಿ ಹೋಗುತ್ತದೆ, ಆಮೇಲೆ ಹೊಸದಾಗಿ ಕೂಡಿಸಬೇಕು.

ಇದರ ಊರು ಮೆಕ್ಸಿಕೋದ ಪೆಸಿಫಿಕ್ ಕರಾವಳಿಯ ಕಡೆ, ಕೊಲಿಮಾ, ಹಾಲಿಸ್ಕೋ, ಮಿಚೊಅಕಾನ್. ಅಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಉಳಿದ ತಿಂಗಳು ಒಣ. ಹೆಣ್ಣು ಒಣಗಾಲವನ್ನು ಬಿಲದಲ್ಲಿ ಕಳೆದು ಮಳೆಗೆ ಮುಂಚೆ ಮೊಟ್ಟೆ ಇಡುತ್ತದೆ. ಪೆಟ್ಟಿಗೆಯಲ್ಲೂ ಅದೇ ಲೆಕ್ಕ.

ನವೆಂಬರ್ ಮುಗಿಯುವವರೆಗೆ ವಾರಕ್ಕೆ ಎರಡು ದೊಡ್ಡ ಡೂಬಿಯಾ ಜಿರಳೆ ಹಾಕಿ, ಹೊಟ್ಟೆ ತುಂಬಿಕೊಳ್ಳಲಿ. ಡಿಸೆಂಬರ್‌ನಿಂದ 8 ವಾರ ಹಗಲು 20–22, ರಾತ್ರಿ 17–18 ಡಿಗ್ರಿ. ಒಮ್ಮೆಲೇ ಇಳಿಸದೆ ಹತ್ತು ದಿನ ತೆಗೆದುಕೊಳ್ಳಿ. ಮಣ್ಣು ಒಣಗಲಿ, ನೀರಿನ ಬಟ್ಟಲು ಮಾತ್ರ ಯಾವತ್ತೂ ಖಾಲಿಯಾಗಬಾರದು. ಫೆಬ್ರವರಿಯಲ್ಲಿ 26ಕ್ಕೆ ಏರಿಸಿ. ಒಂದು ಮೂಲೆಯಲ್ಲಿ ನೀರು ಹೊಯ್ಯಿರಿ: ಅಡಿಮಣ್ಣು ನೆನೆಯಬೇಕು, ಮೇಲ್ಪದರ ಒಣಗಿರಬೇಕು. ಸ್ಪ್ರೇ ಬೇಡವೇ ಬೇಡ. ಮೇಲ್ಮೈ ಮಾತ್ರ ಒದ್ದೆಯಾಗಿ ಗಾಳಿಯಾಡದಿದ್ದರೆ ಬೂಷ್ಟು ಹಿಡಿಯುತ್ತದೆ.

ಕೆಂಪುಮಂಡಿ:
ಊಟ ಬಿಟ್ಟರೆ ಪೊರೆಯೋ ಮೊಟ್ಟೆಯೋ ಗೊತ್ತಾಗುವುದು ಹೇಗೆ?

ನೂಲುಗಂಟು:
ಹೊಟ್ಟೆಯ ಮೇಲೆ ಕೂದಲು ಉದುರಿದ ಬೋಳು ಜಾಗವಿದ್ದರೆ ಅದನ್ನು ನೋಡಿ. ಪೊರೆಗೆ ಮುಂಚೆ ಅಲ್ಲಿನ ಚರ್ಮ ಕಪ್ಪಾಗುತ್ತದೆ, ಒಳಗಿನ ಹೊಸ ಕೂದಲು ಕಾಣುವುದರಿಂದ. ಹೊಟ್ಟೆ ಉಬ್ಬಿದ್ದೂ ಆ ಜಾಗ ತಿಳಿಯಾಗಿಯೇ ಇದ್ದು, ಬಿಲದೊಳಗೆ ದಟ್ಟ ಬಲೆ ಹಾಸುತ್ತಿದ್ದರೆ ಮೊಟ್ಟೆಯ ಆಸೆ ಇಟ್ಟುಕೊಳ್ಳಬಹುದು. ಪೊರೆಗೆ ಮುಂಚೆಯೂ ಚಾಪೆಯಂತೆ ಬಲೆ ಹಾಸುತ್ತದೆ, ಆದ್ದರಿಂದ ಬಲೆಯೊಂದನ್ನೇ ನಂಬಬೇಡಿ.

ಚೀಲ ಕಟ್ಟಿದ ದಿನವನ್ನು ಪೆಟ್ಟಿಗೆಯ ಮೇಲೆ ಬರೆಯಿರಿ. ತಾಯಿ ಅದನ್ನು ಕೋರೆಗಳ ಕೆಳಗೆ ಹಿಡಿದು ಆಗಾಗ ಹೊರಳಿಸುತ್ತಿರುತ್ತದೆ. ಆಗ ಪೆಟ್ಟಿಗೆ ಅಲುಗಾಡಿದರೂ ಸಾಕು, ಚೀಲವನ್ನೇ ತಿಂದುಬಿಡಬಹುದು. ಬಟ್ಟೆ ಮುಚ್ಚಿ, ನಡೆದಾಡುವ ನೆಲದಿಂದ ದೂರವಿಡಿ. ಸುಮಾರು 30 ದಿನಕ್ಕೆ ಉದ್ದ ಚಿಮಟದಿಂದ ಚೀಲ ತೆಗೆಯಬಹುದು. ತಾಯಿಯನ್ನು ಪ್ಲಾಸ್ಟಿಕ್ ಲೋಟದಿಂದ ಮೊದಲು ಬೇರೆ ಮಾಡಿ, ಬಿಡುವುದಿಲ್ಲವೆಂದರೆ ಎಳೆದಾಡಬೇಡಿ.

ಚೀಲ ಬಿಚ್ಚಿ ಮೊಟ್ಟೆಗಳನ್ನು ಒದ್ದೆ ಟಿಶ್ಯೂ ಇರುವ ಡಬ್ಬಿಯಲ್ಲಿ, ನೀರಿಗೆ ತಾಗದಂತೆ ತೂಗುಬಿಟ್ಟ ಕಾಫಿ ಫಿಲ್ಟರ್ ಮೇಲೆ 26 ಡಿಗ್ರಿಯಲ್ಲಿಡಿ. ದಿನಕ್ಕೆ ಎರಡು ಸಲ ಮೆಲ್ಲಗೆ ಹೊರಳಿಸಿ. ಕಪ್ಪಾದದ್ದು, ಕುಸಿದದ್ದು ಕಂಡ ತಕ್ಷಣ ತೆಗೆಯಿರಿ, ಬೂಷ್ಟು ಅಲ್ಲಿಂದಲೇ ಪಕ್ಕದವಕ್ಕೆ ಹಬ್ಬುತ್ತದೆ. ನೂರಾರು ಮರಿ ಬರಬಹುದು, ಸಣ್ಣ ಡಬ್ಬಿಗಳನ್ನು ಈಗಲೇ ಒಟ್ಟುಮಾಡಿ.

ಬಿಲದಂಚು:
ಒಂದು ಮಾತು ಬಿಟ್ಟಿದ್ದೆ. ಈ ಕುಲ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. ತಾಯಿಯ ಮೂಲದ ಕಾಗದ ಜೋಪಾನ, ಮರಿ ಕೊಡುವಾಗ ಕೇಳುತ್ತಾರೆ. ಕರ್ನಾಟಕದಲ್ಲಿ ಸಾಕುವವರು ಓದುತ್ತಿದ್ದರೆ, ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಅಲ್ಲೂ ಇದನ್ನು ನೋಂದಾಯಿಸಬೇಕು, ಹುಟ್ಟಿದ ಮರಿಗಳ ವಿವರವನ್ನೂ ಕೊಡಬೇಕು.